ದೋಸೆ ಹಿಟ್ಟಿನ ಹೆಪ್ಪಿಗೆ ಬ್ರೆಡ್ ಉಬ್ಬಿತು

ಹೋದ ಭಾನುವಾರ ಮಾಡಿದ ಬ್ರೆಡ್ ನನ್ನ ಲೆಕ್ಕದಲ್ಲಿ ಹದಿನಾಲ್ಕನೆಯದು. ಅಂಗಡಿಯ ಈಸ್ಟ್ ಒಂದು ಕಾಳೂ ಹಾಕಿಲ್ಲ. ದೋಸೆ ಹಿಟ್ಟಿನಿಂದ ಎಬ್ಬಿಸಿದ ಹೆಪ್ಪು, ಮೈದಾ, ಗೋಧಿ ಹಿಟ್ಟು, ರಾಗಿ ಗಂಜಿ, ಉಪ್ಪು, ನೀರು, ಅಷ್ಟೇ. ಕೊಯ್ದು ನೋಡಿದರೆ ಒಳಗೆಲ್ಲ ಸೆಟ್ ದೋಸೆಯ ಮೈಯ ಹಾಗೆ ತೂತು ತೂತು. ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರುತ್ತಿತ್ತು. ನನಗೆ ತುಂಬಾ ಹೆಮ್ಮೆ ಆಯಿತು.

ಇದು ಆಗುವ ಕೆಲಸ ಅಲ್ಲ ಅಂತ ಎಲ್ಲರೂ ಹೇಳಿದ್ದರು. ಬೇಕಿಂಗ್ ಕಲಿಸುವ ಗೆಳತಿ, "ದೋಸೆ ಹಿಟ್ಟಲ್ಲಿ ಬ್ಯಾಕ್ಟೀರಿಯಾದ್ದೇ ರಾಜ್ಯ ಕಣೇ, ಈಸ್ಟ್ ಕಡಿಮೆ, ಬ್ರೆಡ್ ಮೇಲೇಳಲ್ಲ" ಅಂದಳು. ನಮ್ಮ ಅತ್ತೆ, "ಇರೋ ಹಿಟ್ಟಲ್ಲಿ ನಾಲ್ಕು ದೋಸೆ ಹುಯ್ದುಬಿಡಮ್ಮ, ಸುಮ್ನೆ ದಂಡ ಮಾಡ್ಬೇಡ" ಅಂದರು. ಗೆಳತಿ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಆ ಅರ್ಧ ಅರ್ಥವಾಗುವುದಕ್ಕೆ ಸುಮಾರು ಐದು ಕೆಜಿ ಮೈದಾ ಖರ್ಚಾಯಿತು.

ಮೊದಲ ಸಲ ಚೆನ್ನಾಗಿ ಹುಳಿ ಬಂದ ದೋಸೆ ಹಿಟ್ಟನ್ನು ಒಂದು ದೊಡ್ಡ ಬಟ್ಟಲು ತೆಗೆದು ನೇರವಾಗಿ ಮೈದಾಕ್ಕೆ ಹಾಕಿ ಕಲಸಿದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಮೇಲೆ ಗುಳ್ಳೆ ಇತ್ತು, ಕೆಳಗೆ ಹಿಟ್ಟು ನೀರಾಗಿ ಹರಡಿಕೊಂಡಿತ್ತು. ಬೇಯಿಸಿದ ಮೇಲೆ ಒಳಗೆ ಒದ್ದೆ, ಹೊರಗೆ ಕಲ್ಲು. ಅಕ್ಕಿ ಮತ್ತು ಉದ್ದಿನಲ್ಲಿ ಗ್ಲುಟೆನ್, ಅಂದರೆ ಬ್ರೆಡ್ಡನ್ನು ಹಿಡಿದು ನಿಲ್ಲಿಸುವ ಗೋಧಿಯ ಅಂಟು, ಇಲ್ಲ. ಮೈದಾದಲ್ಲಿ ಇದ್ದ ಸ್ವಲ್ಪವನ್ನೂ ಆ ಹುಳಿ ಇಡೀ ರಾತ್ರಿ ಕೂತು ಸಡಿಲ ಮಾಡಿಬಿಟ್ಟಿತ್ತು. ಎರಡನೆಯ ಸಲ ಹಿಟ್ಟು ಕಡಿಮೆ ಹಾಕಿದೆ, ಆಗ ಉಬ್ಬಲೇ ಇಲ್ಲ. ಮೂರನೆಯ ಸಲ ಉಪ್ಪು ಬೆರೆಸಿದ ಹಿಟ್ಟನ್ನು ತೆಗೆದುಕೊಂಡಿದ್ದೆ, ಅದಕ್ಕೆ ಮತ್ತೆ ಬ್ರೆಡ್ಡಿನ ಉಪ್ಪೂ ಸೇರಿತು. ಅದನ್ನು ಯಾರೂ ತಿನ್ನಲಿಲ್ಲ.

ನಾಲ್ಕನೆಯದಕ್ಕೆ ದಾರಿ ಬದಲಿಸಿದೆ. ದೋಸೆ ಹಿಟ್ಟನ್ನು ಬ್ರೆಡ್ಡಿಗೆ ಹಾಕುವ ಬದಲು, ಅದರಿಂದ ಬ್ರೆಡ್ಡಿಗೆ ಬೇಕಾದ ಹೆಪ್ಪು ಬೆಳೆಸೋಣ ಅಂದುಕೊಂಡೆ. ಹಾಲಿಗೆ ಒಂದು ಚಮಚ ಮೊಸರು ಹಾಕುತ್ತೇವಲ್ವಾ, ಹಾಗೆ. ಉಪ್ಪು ಹಾಕುವ ಮುಂಚೆ, ಆಗಷ್ಟೇ ಉಬ್ಬಿದ ದೋಸೆ ಹಿಟ್ಟು ಒಂದು ಚಮಚ. ಅದಕ್ಕೆ 50 ಗ್ರಾಂ ಗೋಧಿ ಹಿಟ್ಟು, ಅಷ್ಟೇ ನೀರು. ಗಾಜಿನ ಬಾಟಲಿಯಲ್ಲಿ ಹಾಕಿ ಹೊರಗಿನಿಂದ ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿದೆ. ದಿನಾ ಅರ್ಧಕ್ಕಿಂತ ಜಾಸ್ತಿ ತೆಗೆದು, ಹೊಸ ಹಿಟ್ಟು, ಹೊಸ ನೀರು.

ಮೊದಲ ದಿನ ಭರ್ಜರಿಯಾಗಿ ಉಕ್ಕಿತು. ಮೂರನೆಯ ದಿನ ತಣ್ಣಗಾಯಿತು, ಒಂದು ಗುಳ್ಳೆ ಇಲ್ಲ. ಸತ್ತಿತು ಅಂತ ಚೆಲ್ಲಿದೆ. ಮತ್ತೆ ಶುರು ಮಾಡಿದೆ, ಮತ್ತೆ ಮೂರನೆಯ ದಿನ ಅದೇ ಕಥೆ, ಮತ್ತೆ ಚೆಲ್ಲಿದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಅದು ಸತ್ತಿರಲಿಲ್ಲ. ಮೊದಲ ದಿನದ ಉಕ್ಕು ದೋಸೆ ಹಿಟ್ಟಿನ ಬ್ಯಾಕ್ಟೀರಿಯಾದ್ದು. ಹುಳಿ ಏರಿದಂತೆ ಅವು ಹಿಂದೆ ಸರಿಯುತ್ತವೆ. ಹುಳಿಯನ್ನು ತಡೆದುಕೊಳ್ಳುವ ಈಸ್ಟ್ ಎದ್ದು ನಿಲ್ಲುವುದಕ್ಕೆ ಇನ್ನೂ ಮೂರು ನಾಲ್ಕು ದಿನ ಬೇಕು. ಮೂರನೆಯ ಸಲ ಸುಮ್ಮನೆ ಹಿಟ್ಟು ಹಾಕುತ್ತಾ ಹೋದೆ. ಆರನೆಯ ದಿನ ಸಣ್ಣ ಗುಳ್ಳೆ ಬಂತು. ವಾಸನೆ ಬದಲಾಯಿತು, ಹಳೇ ದೋಸೆ ಹಿಟ್ಟಿನ ವಾಸನೆ ಹೋಗಿ ಮಾಗಿದ ಬಾಳೆಹಣ್ಣಿನ ಹತ್ತಿರದ್ದು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಹಿಟ್ಟು ಹಾಕಿದ ನಾಲ್ಕು ಗಂಟೆಗೆ ರಬ್ಬರ್ ಬ್ಯಾಂಡಿನ ಎರಡರಷ್ಟು ಎತ್ತರಕ್ಕೆ ಬಂದಿತ್ತು. ಹೆಪ್ಪಿಗೆ ಗೋಧಿ ಹಿಟ್ಟಿನ ಜೊತೆ ಇನ್ನೊಂದು ಹಿಟ್ಟು ಒಂದು ಚಿಟಿಕೆ ಹಾಕುತ್ತೇನೆ, ಅದು ಯಾವುದು ಅಂತ ಸದ್ಯಕ್ಕೆ ಹೇಳಲ್ಲ.

ದಿನಾ ತೆಗೆಯುವ ಹೆಪ್ಪನ್ನು ಈಗ ಚೆಲ್ಲುವುದಿಲ್ಲ. ಒಂದು ಡಬ್ಬಿಯಲ್ಲಿ ಕೂಡಿಸಿ ಗೋಧಿ ದೋಸೆಗೆ ಹಾಕುತ್ತೇನೆ. ಅಂಚು ಗರಿಗರಿ ಬರುತ್ತದೆ. ಅತ್ತೆಯ ಕೋಪ ಕಡಿಮೆ ಆಗಿದ್ದು ಈ ದೋಸೆಯಿಂದ, ಬ್ರೆಡ್ಡಿನಿಂದ ಅಲ್ಲ.

ಇನ್ನು ಪುಸ್ತಕಗಳ ವಿಷಯ. ನನ್ನ ಹತ್ತಿರ ಬ್ರೆಡ್ಡಿನ ಪುಸ್ತಕ ಮೂರಿವೆ. ಮೂರೂ ಸೇರಿ ನನ್ನ ಓವನ್ನಿನ ಬೆಲೆಯ ಅರ್ಧದಷ್ಟು ತಿಂದಿವೆ. ಅವುಗಳ ಅಳತೆ ನಂಬಿ ನಾನು ಕೆಟ್ಟಿದ್ದೇನೆ. ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿ, ಬೇರೆ ಕಡೆ 15. ಒಂದೇ ಕಪ್ಪಿನಲ್ಲಿ ಮೂರೂ ಪುಸ್ತಕ ನೋಡಿ ಅಳೆದಿದ್ದೆ. ಚಿಕ್ಕ ತೂಕದ ಯಂತ್ರ ತಂದ ಮೇಲೆ ಈ ಗೋಳು ಮುಗಿಯಿತು. ಒಂದು ಪುಸ್ತಕದ ಬೆಲೆಗಿಂತ ಅದು ಅಗ್ಗ.

ಹಿಟ್ಟೂ ಹಾಗೇ. ಅವರು ಬ್ರೆಡ್ ಹಿಟ್ಟು ಅಂದರೆ ಪ್ರೋಟೀನ್ ಶೇಕಡಾ 12ರ ಮೇಲೆ. ನನ್ನ ಮೈದಾ ಹತ್ತರ ಆಸುಪಾಸು. ಅವರು ಹೇಳಿದಷ್ಟು ನೀರು ಹಾಕಿದರೆ ಕೈಗೆ ಅಂಟುವ ಗಂಜಿ. ಕಲ್ಲಿನಲ್ಲಿ ಬೀಸಿದ ಗೋಧಿ ಹಿಟ್ಟು ತದ್ವಿರುದ್ಧ. ಬೀಸುವಾಗ ಅದರ ಪಿಷ್ಟ ಒಡೆದಿರುತ್ತದೆ, ಹಾಗಾಗಿ ನೀರು ಜಾಸ್ತಿ ಕುಡಿಯುತ್ತದೆ. ಎರಡನ್ನೂ ಬೆರೆಸಿದಾಗಲೇ ನನಗೆ ಹದ ಸಿಕ್ಕಿದ್ದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಹೊತ್ತು. "ರಾತ್ರಿಯಿಡೀ ಹೊರಗಿಡಿ" ಅಂತ ಬರೆದಿರುತ್ತಾರೆ. ಅವರ ಅಡುಗೆಮನೆ 20, 21 ಡಿಗ್ರಿ. ನನ್ನದು ಬೇಸಿಗೆಯಲ್ಲಿ 31. ಅಲ್ಲಿ ಹತ್ತು ಹನ್ನೆರಡು ಗಂಟೆ ಹಿಡಿಯುವುದು ಇಲ್ಲಿ ನಾಲ್ಕು, ನಾಲ್ಕೂವರೆಗೆ ಮುಗಿಯುತ್ತದೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಬೇಸಿಗೆಯಲ್ಲಿ ದೋಸೆ ಹಿಟ್ಟು ಆರು ಗಂಟೆಗೇ ಪಾತ್ರೆಯ ಮುಚ್ಚಳ ಎತ್ತುತ್ತದೆ, ಚಳಿಗಾಲದಲ್ಲಿ ಮರುದಿನ ಹತ್ತಾದರೂ ಅಲ್ಲಾಡಲ್ಲ. ಅದನ್ನು ಗಡಿಯಾರ ನೋಡಿ ಯಾರೂ ರುಬ್ಬುವುದಿಲ್ಲ, ಪಾತ್ರೆ ನೋಡಿ ನಡೆಸುತ್ತೇವೆ. ಅಮ್ಮನ ನೋಟ್‌ಬುಕ್ಕಿನಲ್ಲಿ ಎಲ್ಲಾ ಕಡೆ "ಹದ ಬಂದ ಮೇಲೆ" ಅಂತಷ್ಟೇ ಇದೆ. ಮೊದಲು ಅದು ನನಗೆ ಅರೆಬರೆ ಅನ್ನಿಸುತ್ತಿತ್ತು. ಈಗ ಗ್ರಾಂ ಲೆಕ್ಕಕ್ಕೆ ಆ ಪುಸ್ತಕಗಳನ್ನು ತೆಗೆಯುತ್ತೇನೆ, ಹೊತ್ತಿನ ವಿಷಯಕ್ಕೆ ಅಮ್ಮನದನ್ನು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ತಾರೀಖು, ಸೆಕೆ ಎಷ್ಟಿತ್ತು, ಎಷ್ಟು ಹೊತ್ತು ಹಿಡಿಯಿತು, ಎಲ್ಲಾ ಬರೆದಿಟ್ಟಿದ್ದೇನೆ.

ರಾಗಿ ಸೇರಿದ್ದು ಹೀಗೆ. ರಾಗಿ ಹಿಟ್ಟನ್ನು ಹಾಗೇ ಬೆರೆಸಿದರೆ ಬ್ರೆಡ್ ಮರಳು ಮರಳಾಗಿ ಉದುರುತ್ತಿತ್ತು. ಪೂರ್ವ ಏಷ್ಯಾದ ಮೆತ್ತನೆ ಬ್ರೆಡ್ಡಿಗೆ ಒಂದು ಪಾಲು ಹಿಟ್ಟನ್ನು ಐದು ಪಾಲು ನೀರಿನಲ್ಲಿ ಕಾಸಿ ಗಂಜಿ ಮಾಡಿ ಬೆರೆಸುತ್ತಾರೆ, ತಾಂಗ್‌ಝೋಂಗ್ ಅಂತ. ಓದಿದ ಕೂಡಲೇ ಇದು ನಾವು ಕಾಸುವ ರಾಗಿ ಗಂಜಿಯೇ ಅಲ್ವಾ ಅನ್ನಿಸಿತು. ಅವರು ಗೋಧಿಯಲ್ಲಿ ಮಾಡುವುದನ್ನು ನಾನು ರಾಗಿಯಲ್ಲಿ ಮಾಡಿದೆ. ಗಂಜಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂರು ದಿನ ಆದರೂ ಬ್ರೆಡ್ ಒಣಗಲಿಲ್ಲ. ಫ್ಯೂಷನ್ ಅಂದರೆ ನನಗೆ ಇದು. ದೋಸೆ ಮೇಲೆ ಚೀಸ್ ಸುರಿಯುವುದರಲ್ಲಿ ನನಗೆ ರುಚಿ ಇಲ್ಲ. ಎರಡು ಅಡುಗೆಮನೆಗಳ ಕೈಕೆಲಸ ಒಂದಕ್ಕೊಂದು ಕೂಡಬೇಕು. ಹಿಂದೆಯೂ ಹಾಗೇ ಆಗಿದೆ. ಅಮೆರಿಕ ಖಂಡದಿಂದ ಬಂದ ಕಾಯಿಗೆ ನಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದೆವು. ಗೋವಾದಲ್ಲಿ ಪೋರ್ಚುಗೀಸರ ಬ್ರೆಡ್ಡನ್ನು ತೆಂಗಿನ ಕಳ್ಳು ಹಾಕಿ ಉಬ್ಬಿಸಿದರು. ಹಾಗಿರುವಾಗ ದೋಸೆ ಹಿಟ್ಟು ಯಾಕೆ ಬೇಡ?

ಈಗಿನ ನನ್ನ ಲೆಕ್ಕ ಇದು. ಮೈದಾ 280 ಗ್ರಾಂ, ಗೋಧಿ ಹಿಟ್ಟು 80, ರಾಗಿ 40. ರಾಗಿಯನ್ನು 200 ಮಿಲಿ ನೀರಿನಲ್ಲಿ ಗಂಜಿ ಕಾಸಿ ಪೂರ್ತಿ ಆರಿಸಬೇಕು. ಬಿಸಿ ಇದ್ದಾಗ ಹಾಕಿ ಒಂದು ಸಲ ಹೆಪ್ಪನ್ನೇ ಬೇಯಿಸಿಬಿಟ್ಟಿದ್ದೆ. ಮೇಲೆ ಇನ್ನೊಂದು 70 ಮಿಲಿ ನೀರು, ಉಬ್ಬಿದ ಹೆಪ್ಪು 80 ಗ್ರಾಂ, ಉಪ್ಪು 8 ಗ್ರಾಂ. ನಾದುವುದು, ಮಡಿಸುವುದು ನಿಮಗೆ ಗೊತ್ತೇ ಇರುತ್ತದೆ. ಹಿಟ್ಟು ಎರಡರಷ್ಟು ಆಗುವವರೆಗೆ ಕಾಯಬೇಡಿ. ಒಂದೂವರೆ ಪಟ್ಟಿಗೇ ನಿಲ್ಲಿಸಿ, ಉಂಡೆ ಕಟ್ಟಿ, ರಾತ್ರಿ ಫ್ರಿಜ್ಜಿಗೆ. ಉಂಡೆ ಇಡುವುದಕ್ಕೆ ಅಂತ ಬೆತ್ತದ ಬುಟ್ಟಿ ತರಿಸಿದ್ದೆ, ಅದು ದಂಡ. ಅನ್ನ ಬಸಿಯುವ ತೂತಿನ ಪಾತ್ರೆಗೆ ಬಟ್ಟೆ ಹಾಸಿ ಅಕ್ಕಿ ಹಿಟ್ಟು ಉದುರಿಸಿದರೆ ಸಾಕು.

ಬೆಳಿಗ್ಗೆ ಫ್ರಿಜ್ಜಿನಿಂದ ನೇರ ಓವನ್ನಿಗೆ. 230 ಡಿಗ್ರಿಯಲ್ಲಿ ಕಬ್ಬಿಣದ ಪಾತ್ರೆ ಮುಚ್ಚಿ 20 ನಿಮಿಷ, ಮುಚ್ಚಳ ತೆಗೆದು 210ರಲ್ಲಿ ಇನ್ನೊಂದು 20. ಮೇಲೆ ಬ್ಲೇಡಿನಿಂದ ಗೀರುವುದರಲ್ಲಿ ನನ್ನದೊಂದು ಕೈಚಳಕ ಇದೆ, ಅದು ಬರೆದರೆ ತಿಳಿಯಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ಬಿಸಿಯಲ್ಲೇ ಕೊಯ್ಯಬೇಡಿ, ರಾಗಿ ಇರುವುದರಿಂದ ಚಾಕುವಿಗೆ ಮೆತ್ತುತ್ತದೆ. ಕನಿಷ್ಠ ಎರಡು ಗಂಟೆ ಬಿಡಿ.

ಖರ್ಚು ಕೇಳುವವರಿಗೆ: ಓವನ್ ಕಾಯುವುದೂ ಸೇರಿ ಒಂದು ಬ್ರೆಡ್ಡಿಗೆ ಕರೆಂಟ್ ಒಂದೂವರೆ ಯೂನಿಟ್ ಹತ್ತಿರ. ಕಲಿಯುವ ಎರಡು ತಿಂಗಳು ಬಿಲ್ ಒಂದೂಕಾಲು ಪಟ್ಟು ಬಂತು, ಮನೆಯವರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಈಗ ಎರಡು ಒಟ್ಟಿಗೆ ಬೇಯಿಸುತ್ತೇನೆ. ಹಿಟ್ಟು, ಕರೆಂಟ್ ಸೇರಿಸಿ ಬೇಕರಿಯ ಸಾವರ್‌ಡೋ, ಅಂದರೆ ಇಂಥದ್ದೇ ಹುಳಿ ಹೆಪ್ಪಿನ ಬ್ರೆಡ್, ಅದರ ಬೆಲೆಯ ಕಾಲು ಭಾಗವೂ ಆಗಲ್ಲ. ಕಬ್ಬಿಣದ ಪಾತ್ರೆಯ ದುಡ್ಡು ಮಾತ್ರ ಇನ್ನೂ ವಾಪಸ್ ಬಂದಿಲ್ಲ, ಇನ್ನೊಂದು ಹತ್ತು ಬ್ರೆಡ್ ಬೇಕು.

ಗೆಳತಿಗೆ ಅರ್ಧ ಬ್ರೆಡ್ ಕಳಿಸಿದ್ದೆ. ಚಟ್ನಿಪುಡಿ, ತುಪ್ಪ ಸವರಿ ತಿಂದಳಂತೆ. ಆಮೇಲೆ ಫೋನ್ ಮಾಡಿ, "ಆ ಹೆಪ್ಪು ಒಂದು ಚಮಚ ಕೊಡೇ" ಅಂದಳು. ಕೊಟ್ಟಿದ್ದೇನೆ. ಮೊನ್ನೆ ರಾಗಿಯ ಬದಲು ಜೋಳದ ಗಂಜಿ ಹಾಕಿ ನೋಡಿದೆ, ಒಂದೇ ಕಡೆ ಬಿರಿದು ಇನ್ನೊಂದು ಕಡೆ ಚಪ್ಪಟೆಯಾಗಿ ಕೂತಿತು. ಗಂಜಿ ಗಟ್ಟಿಯಾಯಿತು ಅಂತ ನನ್ನ ಅನುಮಾನ. ಈ ಗುರುವಾರ ಒಂದಕ್ಕೆ ಆರು ಪಾಲು ನೀರು ಹಾಕಿ ಮತ್ತೆ ಮಾಡುತ್ತೇನೆ.