ಹಕ್ಕಿಗೆ ಪರಾಗ ತರುವ ಮೊದಲು ಪಕ್ಕದ ಗೇರು ತೋಟ ನೋಡಿ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಅಡಿಕೆ ತೋಟದ ನಡುವೆ ಜೇನು ಪೆಟ್ಟಿಗೆ ಇಟ್ಟ ಮನೆ ಹುಡುಕುವುದು ಕಷ್ಟವೇನಲ್ಲ. ಹಾಗಿದ್ದೂ ಹಕ್ಕಿ ಸಾಕುವ ನಾವು ಪರಾಗವನ್ನು ಆನ್‌ಲೈನಿನಲ್ಲಿ ತರಿಸುತ್ತೇವೆ. ನಾನೂ ಎರಡು ಸಲ ತರಿಸಿದ್ದೆ. ಒಂದೇ ಹಳದಿ ಬಣ್ಣದ ಒಣ ಕಾಳು, ಯಾವ ಊರಿನದ್ದು, ಯಾವಾಗ ತೆಗೆದದ್ದು ಒಂದೂ ಗೊತ್ತಿಲ್ಲ. ಎರಡನೆಯ ಪ್ಯಾಕೆಟಿನ ತಳದಲ್ಲಿ ಬೂಷ್ಟು ಹಿಡಿದಿತ್ತು. ಅಂದಿನಿಂದ ಊರಿನದ್ದೇ ಸಾಕು ಅಂತ ತೀರ್ಮಾನ ಮಾಡಿದೆ.

ಮೊದಲು ಒಂದು ಮಾತು. ಪರಾಗ ಹಕ್ಕಿಗೆ ಊಟ ಅಲ್ಲ, ಊಟದ ಜೊತೆಗಿನ ಚಟ್ನಿ. ಲೋರಿ ಜಾತಿಯ ಗಿಳಿಗಳು ಕಾಡಿನಲ್ಲೂ ಹೂವಿನ ರಸ, ಪರಾಗ ತಿಂದೇ ಬದುಕುವುದರಿಂದ ಅವಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ನಾವು ಲವ್ ಬರ್ಡ್ಸ್ ಅಂತ ಕರೆಯುವ ಬಜ್ಜಿ (ಬಜರಿಗಾರ್), ಮತ್ತೆ ಕಾಕ್‌ಟೇಲ್, ಫಿಂಚ್ ಇವೆಲ್ಲ ಕಾಳು ತಿನ್ನುವವು. ಮೊಟ್ಟೆ ಇಡುವಾಗ, ಮರಿಗೆ ಉಣಿಸುವಾಗ, ಗರಿ ಉದುರಿ ಹೊಸದು ಬರುವಾಗ ಸ್ವಲ್ಪ ಪ್ರೋಟೀನ್ ಜಾಸ್ತಿ ಸಿಗಲಿ ಅಂತ ಕೊಡುವುದು, ಅಷ್ಟೆ. ಊರಿನ ಹಸಿರು ಗಿಳಿಗೆ ಕೊಡಬಹುದಾ ಅಂತ ಕೇಳಬೇಡಿ, ಅದನ್ನು ಗೂಡಿನಲ್ಲಿ ಇಡುವುದೇ ಕಾನೂನಿಗೆ ವಿರುದ್ಧ.

ಕೇಳುವಾಗ ಹೆಸರು ಸರಿಯಾಗಿ ಹೇಳಿ. ಪರಾಗ ಅಂದರೆ ಕೆಲವರಿಗೆ ತಲೆಗೆ ಹೋಗುವುದಿಲ್ಲ, ಹೂವಿನ ಹುಡಿ ಅನ್ನಿ, ಮಲಯಾಳದವರ ಹತ್ತಿರ ಪೂಂಬೊಡಿ ಅನ್ನಿ. ಜೇನು ಕೇಳುವವರು ನೂರು ಜನ ಬರುತ್ತಾರೆ, ಹುಡಿ ಕೇಳುವವರು ಯಾರೂ ಇಲ್ಲ, ಹಾಗಾಗಿ ಮೊದಲ ಸಲ ಅವರು ನಿಮ್ಮ ಮುಖವನ್ನೇ ನೋಡುತ್ತಾರೆ.

ಆದರೆ ಜೇನಿನವರ ಮನೆಗೆ ಹೋಗುವ ಮೊದಲು ಅವರ ಸುತ್ತಮುತ್ತ ಒಂದು ಸುತ್ತು ಹಾಕಿ. ನಮ್ಮ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಊರಿನ ಜೇನುಹುಳ, ಒಂದು, ಒಂದೂವರೆ ಕಿಲೋಮೀಟರ್ ಹಾರಿ ಹೂವು ಹುಡುಕುತ್ತದೆ. ಪೆಟ್ಟಿಗೆ ಇಟ್ಟವರು ತಮ್ಮ ತೋಟಕ್ಕೆ ಒಂದು ತೊಟ್ಟು ವಿಷ ಹಾಕದೇ ಇರಬಹುದು, ಆದರೆ ಗುಡ್ಡದ ಆಚೆಯ ಗೇರು ತೋಟದವರು? ಡಿಸೆಂಬರಿನಿಂದ ಫೆಬ್ರವರಿವರೆಗೆ ಗೇರು ಚಿಗುರಿ ಹೂ ಬಿಡುವ ಹೊತ್ತು, ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟದ ಕಾಟಕ್ಕೆ ಮದ್ದು ಬಿಡುವುದೂ ಅದೇ ಹೊತ್ತು. ಈ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಎಣ್ಮಕಜೆ, ಪಡ್ರೆ ಕಡೆ ಹೆಲಿಕಾಪ್ಟರಿನಿಂದ ಗೇರು ತೋಟಕ್ಕೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದನ್ನು ನೋಡಿದ ಜನ ಇನ್ನೂ ಇದ್ದಾರೆ. ಅದು ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ತಡೆ ಹಾಕಿದ್ದು 2011ರಲ್ಲಿ. ಈಗಿನ ಮದ್ದು ಬೇರೆ, ಆದರೆ ಮೂವತ್ತು ನಲವತ್ತು ಗ್ರಾಂ ತೂಗುವ ಬಜ್ಜಿಗೆ ಎಷ್ಟು ವಿಷ ಸಾಕು ಅಂತ ನೀವೇ ಲೆಕ್ಕ ಹಾಕಿ. ಅದಕ್ಕೆ ನಾನು ಮದ್ದು ಬಿಡುವ ಕೆಲಸದವರನ್ನೇ ಕೇಳುವುದು, ಈ ವರ್ಷ ಯಾವ ಕಡೆ ಬಿಟ್ಟಿರಿ, ಮತ್ತೆ ಯಾವಾಗ ಅಂತ. ತೋಟದ ಯಜಮಾನರಿಗಿಂತ ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ಹತ್ತಿರದಲ್ಲಿ ಗೇರು ಇದ್ದರೆ ಆ ಪೆಟ್ಟಿಗೆಯ ಹುಡಿ ಮಾರ್ಚ್ ಕಳೆಯುವವರೆಗೆ ಬೇಡ. ಅಡಿಕೆಗೆ ಕೊಳೆರೋಗದ ಬೋರ್ಡೋ ದ್ರಾವಣ ಬಿಡುವುದು ಮಳೆಯ ಹೊತ್ತಿಗೆ, ಆಗ ಹೇಗೂ ಹುಡಿ ತೆಗೆಯಬಾರದು, ಕಾರಣ ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ, ಸುತ್ತ ಬರೀ ರಬ್ಬರ್ ಇರುವ ಜಾಗದಲ್ಲಿ ಜೇನು ಎಷ್ಟು ಬಂದರೂ ಹುಡಿ ಬರುವುದಿಲ್ಲ. ಹುಳಗಳು ಅಲ್ಲಿ ಹೀರುವುದು ಹೂವನ್ನಲ್ಲ, ಎಳೆ ಎಲೆಯ ತೊಟ್ಟಿನ ಹತ್ತಿರ ಒಸರುವ ಸಿಹಿ ರಸವನ್ನು. ತೆಂಗು ವರ್ಷವಿಡೀ ಹೂ ಬಿಡುತ್ತದೆ, ಅಡಿಕೆಯ ಹಿಂಗಾರದಲ್ಲಿ ಹುಡಿ ಧಾರಾಳ, ಗದ್ದೆ ಬದಿಯಲ್ಲಿ ಕಾಲಿಗೆ ಚುಚ್ಚುವ ನಾಚಿಕೆ ಮುಳ್ಳು ಇದೆಯಲ್ಲ, ಅದೂ ಹುಳಗಳಿಗೆ ಒಳ್ಳೆಯ ಹುಡಿಯ ಗಿಡ. ಬೆಳಗ್ಗೆ ಪೆಟ್ಟಿಗೆ ಬಾಗಿಲ ಬದಿಯಲ್ಲಿ ಹತ್ತು ನಿಮಿಷ ಕೂತು ನೋಡಿ, ಹಿಂಗಾಲಿನಲ್ಲಿ ಉಂಡೆ ಕಟ್ಟಿಕೊಂಡು ಸಾಲಾಗಿ ಬರುತ್ತಿದ್ದರೆ ಮಾತ್ರ ಮಾತು ಮುಂದುವರಿಸಿ.

ಹುಡಿ ತೆಗೆಯಲು ಬಾಗಿಲಿಗೆ ತೂತಿನ ಹಲಗೆ ಸಿಕ್ಕಿಸುತ್ತಾರೆ. ಹುಳ ನುಸುಳುವಾಗ ಕಾಲಿನ ಉಂಡೆ ಉದುರಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಅಂಗಡಿಯ ಹಲಗೆ ಹೆಚ್ಚಾಗಿ ಮೆಲ್ಲಿಫೆರಾ ಅನ್ನುವ ದೊಡ್ಡ ವಿದೇಶಿ ಜೇನುಹುಳದ ಅಳತೆಯದ್ದು, ತೂತು ಸುಮಾರು 5 ಮಿಲಿಮೀಟರ್. ನಮ್ಮ ತುಡುವೆ ಸಣ್ಣದು, ಉಂಡೆ ಸಮೇತ ಆರಾಮಾಗಿ ಒಳಗೆ ಹೋಗುತ್ತದೆ! ತುಡುವೆಗೆ ಅಂತಲೇ ಮಾಡಿದ್ದು ಬೇಕು. ಬೆಳಗ್ಗೆ ಎರಡು ಮೂರು ಗಂಟೆ ಇಟ್ಟು ತೆಗೆಯಬೇಕು, ವಾರಕ್ಕೆ ಎರಡು ದಿನ ಸಾಕು. ಮರಿಹುಳಕ್ಕೆ ಆಹಾರ ಅದೇ ಅಲ್ವಾ? ಜೂನಿನಿಂದ ಸೆಪ್ಟೆಂಬರ್ ಮಳೆಯಲ್ಲಿ ಸಕ್ಕರೆ ಪಾಕ ಕೊಟ್ಟು ಹುಳ ಉಳಿಸಿಕೊಳ್ಳುವ ಹೊತ್ತಿನಲ್ಲಿ ಹೋಗಿ ಹುಡಿ ಕೇಳಿದರೆ ಬೈಗುಳ ತಿನ್ನುತ್ತೀರಿ ಮಾರಾಯ್ರೇ, ತಿನ್ನಲೂ ಬೇಕು. ಜನವರಿಯಿಂದ ಏಪ್ರಿಲ್ ಸರಿಯಾದ ಕಾಲ. ಹಲಗೆ ಇಲ್ಲದವರ ಹತ್ತಿರ, ಹಳೆ ಎರಿ ಕತ್ತರಿಸುವ ದಿನ ತಿಳಿಸಿ ಅನ್ನಿ, ಎರಿಯ ಕಣ್ಣುಗಳಲ್ಲಿ ಹುಳ ತುಂಬಿಟ್ಟ ಹುಡಿಯನ್ನು ಕಡ್ಡಿಯಲ್ಲಿ ಕೆದಕಿ ತೆಗೆಯಬಹುದು, ನಾಲ್ಕು ಹಕ್ಕಿಗೆ ಅದು ಧಾರಾಳ.

ತಂದ ಮೇಲೆ ತಡ ಮಾಡಬೇಡಿ. ಮೊದಲ ಸಲ ನಾನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯಲ್ಲಿ ಇಟ್ಟೆ, ಮೂರನೆಯ ದಿನ ತೆರೆದರೆ ಹುಳಿ ವಾಸನೆ. ಹಸಿ ಹುಡಿಯಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಭಾಗ ನೀರೇ ಇರುತ್ತದೆ, ನಮ್ಮ ಕರಾವಳಿಯ ಸೆಕೆಗೆ ಅದು ನಿಲ್ಲುವುದಿಲ್ಲ. ಕಾಲು, ರೆಕ್ಕೆ, ಮೇಣದ ಚೂರು ಹೆಕ್ಕಿ ತೆಗೆದು, ಸಣ್ಣ ಸಣ್ಣ ಕವರಿನಲ್ಲಿ ಕಟ್ಟಿ ನೇರ ಫ್ರೀಜರಿಗೆ ಹಾಕುವುದು ಎಲ್ಲಕ್ಕಿಂತ ಸುಲಭ. ಒಣಗಿಸಲೇಬೇಕಾದರೆ ಬಿಸಿಲಿಗೆ ಬೇಡ, ಮನೆಯೊಳಗೆ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಫ್ಯಾನ್ ಹಾಕಿ. ಡ್ರೈಯರ್ ಇದ್ದರೆ 40 ಡಿಗ್ರಿ ದಾಟಿಸಬೇಡಿ. ಗಾಜಿನ ಬಾಟ್ಲಿಯಲ್ಲಿ ಅಲ್ಲಾಡಿಸಿದಾಗ ಕಾಳಿನ ಹಾಗೆ ಸದ್ದು ಬರಬೇಕು. ಒಣಗಿದ್ದನ್ನೂ ಎರಡು ದಿನ ಫ್ರೀಜರಿನಲ್ಲಿ ಇಟ್ಟು ತೆಗೆದರೆ ಒಳಗಿನ ಹುಳುಮೊಟ್ಟೆ ಸಾಯುತ್ತದೆ.

ಕೊಡುವುದು ಹೇಗೆ ಅಂದರೆ, ಒಂದು ಜೋಡಿ ಬಜ್ಜಿಗೆ ಒಂದು ಚಿಟಿಕೆ, ವಾರಕ್ಕೆ ಎರಡು ಸಲ. ಪರಾಗದ ಹೊರಸಿಪ್ಪೆ ಗಟ್ಟಿ, ನಾನು ಸ್ವಲ್ಪ ನೀರಿನಲ್ಲಿ ನೆನೆಸಿ ಬೇಯಿಸಿದ ಮೊಟ್ಟೆಗೋ ನೆನೆಸಿದ ನವಣೆಗೋ ಕಲಸುತ್ತೇನೆ. ನವಣೆ ಅಂಗಡಿಯಲ್ಲಿ ತಿನ ಅಂತ ಕೇಳಿದರೆ ಬೇಗ ಸಿಗುತ್ತದೆ. ನನ್ನ ಬಜ್ಜಿಗಳು ಹತ್ತು ದಿನ ಮುಟ್ಟಿಯೇ ನೋಡಲಿಲ್ಲ, ಹನ್ನೊಂದನೆಯ ದಿನ ಒಂದು ಹೆಣ್ಣು ಶುರು ಮಾಡಿತು, ಮತ್ತೆ ಜಗಳವೇ ಜಗಳ. ಒದ್ದೆ ಮಾಡಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಗೂಡಿನಲ್ಲಿ ಬಿಡಬೇಡಿ.

ಉಳಿದದ್ದನ್ನು ಅಂಗಳಕ್ಕೆ ಎಸೆಯಲೂ ಬೇಡಿ. 1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನುವ, ಮರಿಹುಳ ಸಾಯಿಸುವ ವೈರಸ್ ರೋಗ ಬಂದು ಈ ಕಡೆಯ ತುಡುವೆ ಪೆಟ್ಟಿಗೆಗಳು ಸಾಲು ಸಾಲಾಗಿ ಖಾಲಿಯಾಗಿದ್ದವು, ಹಳಬರನ್ನು ಕೇಳಿದರೆ ಹೇಳುತ್ತಾರೆ. ಆ ರೋಗ ಹಕ್ಕಿಗೆ ಬರುವುದಿಲ್ಲ, ಆದರೆ ಬೇರೆ ಪೆಟ್ಟಿಗೆಯ ಹುಡಿಗೆ ನಿಮ್ಮ ನೆರೆಮನೆಯ ಹುಳ ಬಂದು ಕೂತರೆ ಕಷ್ಟ. ಮಣ್ಣಿನಲ್ಲಿ ಹೂತುಬಿಡಿ.