ಫೋನ್ ಮಾಡಿದವರ ಮನೆಗೆ ಮೊದಲು ಹೋಗಬಾರದು

ಗಲಾಟೆ ಅಂತ ಫೋನ್ ಮಾಡಿದವರ ಬಾಗಿಲನ್ನು ಮೊದಲು ತಟ್ಟಬಾರದು. ಇದನ್ನು ನಾನು ಕಲಿತದ್ದು ಒಬ್ಬರ ಸ್ಕೂಟರ್ ಸೀಟು ಹರಿದ ಮೇಲೆ. ಬೆಂಗಳೂರಿನಲ್ಲಿ ಪೊಲೀಸ್ ಆಗಿದ್ದ ನನ್ನನ್ನು ಹೊಯ್ಸಳ ಅನ್ನುವ ಗಸ್ತು ಗಾಡಿಗೆ ಹಾಕಿದ ಹೊಸತು. ರಾತ್ರಿ ಹನ್ನೊಂದೂವರೆಗೆ ಗಣೇಶನ ಪೆಂಡಾಲಿನ ಸೌಂಡ್ ಬಗ್ಗೆ ಕಾಲ್ ಬಂತು. ಸೀದಾ ದೂರು ಕೊಟ್ಟವರ ಗೇಟಿನ ಮುಂದೆ ಗಾಡಿ ನಿಲ್ಲಿಸಿ, 'ಏನ್ ಸಾರ್ ತೊಂದರೆ?' ಅಂದೆ. ಇಡೀ ಬೀದಿ ನೋಡಿತು. ಬೆಳಗ್ಗೆ ಅವರ ಸ್ಕೂಟರ್ ಸೀಟಿಗೆ ಬ್ಲೇಡ್ ಬಿದ್ದಿತ್ತು. ತಪ್ಪು ನನ್ನದೇ.

ಆಮೇಲೆ ಗಾಡಿಯನ್ನು ಬೀದಿ ತುದಿಯಲ್ಲೇ ಬಿಟ್ಟು ನಡೆದು ಹೋಗುತ್ತಿದ್ದೆ, ಸುಮ್ನೆ ರೌಂಡ್ಸ್ ಬಂದವನ ಹಾಗೆ. ಮಾತಾಡುತ್ತಿದ್ದದ್ದು ಹಬ್ಬ ಮಾಡುವ ಹುಡುಗರ ಹತ್ತಿರ ಅಲ್ಲ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಟ್ಟವನ ಹತ್ತಿರ. ಹುಡುಗರಿಗೆ ಅದು ಮರ್ಯಾದೆ ಪ್ರಶ್ನೆ, ಅವನಿಗೆ ಆಂಪ್ಲಿಫೈಯರ್ ಪ್ರಶ್ನೆ. 'ಠಾಣೆಗೆ ಹೋದರೆ ಬಿಡಿಸಿಕೊಳ್ಳೋಕೆ ಅಲೀಬೇಕು ನೋಡು' ಅಂದರೆ ಸಾಕು, ವೈರ್ ಅವನೇ ಕೀಳುತ್ತಾನೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅಳೆಯುವ ಮೀಟರ್ ನಮ್ಮ ಗಾಡಿಯಲ್ಲಿ ಎಲ್ಲಿತ್ತು? ಕೈಯಲ್ಲಿ ವಾಚ್ ಇತ್ತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವ ಹಾಗಿಲ್ಲ. ಸರ್ಕಾರ ವಿನಾಯಿತಿ ಕೊಟ್ಟ ಕೆಲವು ದಿನ ಮಾತ್ರ 12ರವರೆಗೆ.

ಮೈಕಿಗಾದರೂ ಗಂಟೆಯ ಲೆಕ್ಕ ಇದೆ. ಗೇಟಿಗೆ ಅಡ್ಡ ನಿಂತ ಕಾರು, ಮೇಲಿನ ಮನೆಯಿಂದ ಸುರಿಯುವ ನೀರು, ನಾಯಿ ಬೊಗಳುವುದು, ಇವಕ್ಕೆ ಯಾವ ಲೆಕ್ಕವೂ ಇಲ್ಲ. ಜಾಸ್ತಿ ಅಂದರೆ ಎನ್‌ಸಿಆರ್, ಅಂದರೆ ಎಫ್‌ಐಆರ್ ಇಲ್ಲದ ಸಣ್ಣ ದೂರಿನ ದಾಖಲೆ, ಬರೆಯುತ್ತಿದ್ದೆವು. ನನ್ನ ಕಾಲದಲ್ಲಿ ಸಾರ್ವಜನಿಕ ಉಪದ್ರವಕ್ಕೆ ಐಪಿಸಿ 290ರಲ್ಲಿ ಗರಿಷ್ಠ ದಂಡ 200 ರೂಪಾಯಿ. 2024ರ ಜುಲೈಯಿಂದ ಐಪಿಸಿ ಬದಲಿಗೆ ಬಂದ ಬಿಎನ್‌ಎಸ್ 292ರಲ್ಲಿ ಅದು 1,000 ಆಗಿದೆ. ಕಾರು ಇಟ್ಟವರು ಅದಕ್ಕೆ ಹೆದರುತ್ತಾರಾ?

ಪ್ರತಿಭಟನೆಯ ಬಂದೋಬಸ್ತ್ ಇದಕ್ಕಿಂತ ಸುಲಭ ಅಂದರೆ ನಮ್ಮವರೇ ನಗುತ್ತಾರೆ. ಆದರೆ ಪ್ರತಿಭಟನೆಗೆ ಬಂದವರು ಸಂಜೆ ರೈಲು ಹತ್ತುತ್ತಾರೆ. ಪಕ್ಕದ ಮನೆಯವರು ಎಲ್ಲಿಗೆ ಹೋಗಬೇಕು?

ಮೊದಲೆಲ್ಲ ಟೌನ್ ಹಾಲ್, ಮೈಸೂರು ಬ್ಯಾಂಕ್ ಸರ್ಕಲ್, ಮೌರ್ಯ ಸರ್ಕಲ್ ಅಂತ ಓಡಬೇಕಿತ್ತು. 2021ರ ಆದೇಶ ಬಂದ ಮೇಲೆ ಪ್ರತಿಭಟನೆ ಎಲ್ಲ ಫ್ರೀಡಂ ಪಾರ್ಕಿಗೇ, ಹಳೆ ಸೆಂಟ್ರಲ್ ಜೈಲಿನ ಜಾಗಕ್ಕೆ. ನಮಗೆ ಅನುಕೂಲವಾಯಿತು. 'ಇಲ್ಲಿ ಕೂಗಿದರೆ ಯಾರಿಗೆ ಕೇಳುತ್ತೆ?' ಅಂತ ಪ್ರತಿಭಟನೆಗೆ ಬಂದವರು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಗ್ಗೆ ರೋಲ್ ಕಾಲ್ ಆದ ಕೂಡಲೇ ನಾನು ನೋಡುತ್ತಿದ್ದದ್ದು ನೀರಿನ ಟ್ಯಾಂಕರ್, ಹೆಂಗಸರ ಶೌಚಾಲಯ. ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿಯಿಡೀ ಕೂತು ಬಂದವರಿಗೆ ಮಧ್ಯಾಹ್ನ ನೀರಿಲ್ಲ ಅಂದರೆ ಸಿಟ್ಟು ಎಲ್ಲಿಗೆ ತಿರುಗುತ್ತೆ ಹೇಳಿ? ಮೈಕ್ ಹಿಡಿದವರಿಗಿಂತ ಊಟದ ಪೊಟ್ಟಣ ಹಂಚುವವರ ಪರಿಚಯ ಮಾಡಿಕೊಳ್ಳುತ್ತಿದ್ದೆ. ಜನ ಅವರ ಮಾತು ಕೇಳುತ್ತಾರೆ. ಅವರಿಗೆ ನನ್ನದು ಒಂದೇ ಪ್ರಶ್ನೆ: 'ಮನವಿ ತಗೊಳ್ಳೋಕೆ ಯಾರು ಬರಬೇಕು?'

ಒಂದು ಸಲ ಮೂರಕ್ಕೆ ಬರಬೇಕಿದ್ದ ಅಧಿಕಾರಿ ಐದಾದರೂ ಬರಲಿಲ್ಲ. ಜನ ಎದ್ದು ಗೇಟಿನ ಕಡೆ ಬಂದರು, ವಿಧಾನಸೌಧಕ್ಕೆ ಹೋಗ್ತೀವಿ ಅಂತ. ಕೆಎಸ್‌ಆರ್‌ಪಿಯವರು, ಅಂದರೆ ಮೀಸಲು ಪೊಲೀಸರು, ಸಾಲಾಗಿ ನಿಂತರು. ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಅಂತ ಆರ್ಡರ್ ಬರುವುದೊಂದು ಬಾಕಿ. ನನ್ನ ಜೊತೆಯವನು 'ಇನ್ನೈದು ನಿಮಿಷ' ಅಂದಿದ್ದ. ಅದು ಕೆಟ್ಟ ಮಾತು. ಆರನೇ ನಿಮಿಷಕ್ಕೆ ನಮ್ಮ ಬಾಯಿಗೆ ಬೆಲೆ ಇರುವುದಿಲ್ಲ. ನಾನು ಹೋಗಿ, 'ಸಾಹೇಬ್ರು ಇನ್ನೂ ಆಫೀಸು ಬಿಟ್ಟಿಲ್ಲ. ಹೊರಟ ಕೂಡಲೇ ನಾನೇ ಬಂದು ಹೇಳ್ತೀನಿ' ಅಂದೆ. ಊಟ ಹಂಚಿದ್ದ ಅಮ್ಮ ಅಲ್ಲೇ ನೆಲದ ಮೇಲೆ ಕೂತರು. ಅವರ ಹಿಂದೆ ಒಂದೊಂದೇ ಸಾಲು ಕೂತಿತು.

ಆರೂವರೆಗೆ ಅಧಿಕಾರಿ ಬಂದರು. ಮನವಿ ತಗೊಂಡು ಫೋಟೊ ತೆಗೆಸಿಕೊಳ್ಳಲು ಎರಡು ನಿಮಿಷ. ಬ್ಯಾನರ್ ಮಡಚಿದ ಮೇಲೆ ಆ ಅಮ್ಮ ಮೆಜೆಸ್ಟಿಕ್‌ಗೆ ದಾರಿ ಕೇಳಿದರು. ತೋರಿಸಿ ಠಾಣೆಗೆ ಬಂದು ಶೂ ಲೇಸ್ ಬಿಚ್ಚುತ್ತಿದ್ದೆ. ವಾಕಿಟಾಕಿಯಲ್ಲಿ ಮೂರನೇ ಕ್ರಾಸಿನ ಕಾಲ್. ಗೇಟಿಗೆ ಅಡ್ಡ ಅದೇ ಕಾರು, ಅದೇ ಎರಡು ಮನೆ.