ಎರಡು ಕೊಂಬೆಯ ಸರಾಸರಿಗೆ ಎಷ್ಟು ತೂಕ?

ಸುಂಟಿಕೊಪ್ಪದ ಹತ್ತಿರ ನಮ್ಮ ರೋಬಸ್ಟಾ ಕಾಫಿ ತೋಟ. ಹೂವಾದ ಮೇಲೆ ಸ್ಪ್ರಿಂಕ್ಲರ್ ನೀರು ಇನ್ನೊಂದು ಸಲ ಕೊಟ್ಟರೆ ಕಾಯಿ ಜಾಸ್ತಿ ನಿಲ್ಲುತ್ತದಾ ಅಂತ ನೋಡಲು 40 ಗಿಡಕ್ಕೆ ನಂಬರ್ ಹಾಕಿದೆ. ಮೇನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಕಾಯಿ ಎಣಿಕೆ, ಗಿಡಕ್ಕೆ 8 ಕೊಂಬೆ. ಜುಲೈ ಪುಟ ತೆರೆದರೆ ಎಷ್ಟೋ ಗಿಡಕ್ಕೆ ಎರಡೇ ಕೊಂಬೆ. "ಜಿಗಣೆ ಸಾರ್, ನಿಲ್ಲೋಕೇ ಬಿಡಲಿಲ್ಲ" ಅಂದರು ಎಣಿಸುವ ರೈಟರ್ (ತೋಟದ ಗುಮಾಸ್ತರು). ಬೈಯುವುದು ಹೇಗೆ? ಆ ಮಳೆಯಲ್ಲಿ ನಾನಂತೂ ತೋಟಕ್ಕೆ ಇಳಿದಿರಲಿಲ್ಲ.

ಪುಸ್ತಕದಲ್ಲಿ ಗಿಡದ ಸರಾಸರಿ, ಪಕ್ಕದಲ್ಲಿ ಎಷ್ಟು ಕೊಂಬೆ ಅಂತ ಇತ್ತು. ಪುಣ್ಯಕ್ಕೆ ಆ ಎರಡನೇ ಕಾಲಂ ಇತ್ತು. ಎರಡು ಕೊಂಬೆಯ ಸರಾಸರಿಯನ್ನು ಎಂಟರದ್ದರಷ್ಟು ನಂಬುವಂತಿಲ್ಲ, ಅದಕ್ಕೆ ಲೆಕ್ಕದಲ್ಲಿ ಕಮ್ಮಿ ತೂಕ (ವೇಟ್ಸ್) ಕೊಡಬೇಕು.

ಅದೇ ಗಿಡವನ್ನು ಮತ್ತೆ ಮತ್ತೆ ಎಣಿಸಿದ್ದೇವೆ, ಹಾಗಾಗಿ ಗಿಡ ರ‍್ಯಾಂಡಮ್ ಎಫೆಕ್ಟ್. ಅಂದರೆ ಒಂದೊಂದು ಗಿಡಕ್ಕೂ ತನ್ನದೇ ಏರಿಳಿತ ಇದೆ ಅಂತ ಮಾಡೆಲ್‌ಗೆ ಹೇಳುವುದು. ನೀರು, ತಿಂಗಳು ಫಿಕ್ಸ್ಡ್, ಅಂದರೆ ನಾವು ನೇರವಾಗಿ ಅಳೆಯುವ ಪರಿಣಾಮಗಳು. ವೇಟ್ಸ್ ಕೆಲಸ ಮಾಡುವುದು ಉಳಿಕೆ ವೇರಿಯನ್ಸ್ (ಮಾಡೆಲ್ ವಿವರಿಸದೆ ಬಿಟ್ಟ ಏರುಪೇರು) ಮೇಲೆ ಮಾತ್ರ, ಗಿಡ ಗಿಡದ ನಡುವಿನ ವ್ಯತ್ಯಾಸವನ್ನು ಅದು ಮುಟ್ಟುವುದಿಲ್ಲ. ಆರ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನ ಎಲ್‌ಎಂಇ4 ಪ್ಯಾಕೇಜಿನಲ್ಲಿ ಸಾಲಿನ ಉಳಿಕೆ ವೇರಿಯನ್ಸ್ ಅಂದರೆ ಸಿಗ್ಮಾ (ತೂಕ ಒಂದಾದ ಸಾಲಿನ ಉಳಿಕೆಯ ಹರವು) ವರ್ಗ ಭಾಗಿಸು ತೂಕ. ಕೊಂಬೆ ಸಂಖ್ಯೆಯನ್ನೇ ತೂಕವಾಗಿ ಕೊಡಿ. ಆಗ ಎರಡು ಕೊಂಬೆಯ ಸಾಲಿಗೆ ಎಂಟರದ್ದಕ್ಕಿಂತ ನಾಲ್ಕು ಪಟ್ಟು ವೇರಿಯನ್ಸ್. ಎಲ್ಲ ತೂಕವನ್ನೂ ಹತ್ತರಿಂದ ಗುಣಿಸಿದರೂ ನೀರಿನ ಪರಿಣಾಮ ಬದಲಾಗಲ್ಲ, ಸಿಗ್ಮಾ ಮಾತ್ರ ದೊಡ್ಡದಾಗುತ್ತದೆ. ಸರ್ವೆಯವರ ಸ್ಯಾಂಪ್ಲಿಂಗ್ ತೂಕ (ಒಬ್ಬರ ಉತ್ತರ ಎಷ್ಟು ಜನರ ಪರವಾಗಿ ನಿಂತಿದೆ ಅನ್ನುವುದು) ಬೇರೆ ಸಂಗತಿ, ಅದನ್ನು ಇಲ್ಲಿ ತುರುಕಬೇಡಿ.

ನಾನು ಎಡವಿದ್ದು ಆಮೇಲೆ. ಜೂನ್ ಎಣಿಕೆಗೂ ಜುಲೈ ಎಣಿಕೆಗೂ ನಂಟು ಇರುತ್ತದೆ ಅಲ್ವಾ, ಅದನ್ನೂ ಮಾಡೆಲ್‌ಗೆ ಸೇರಿಸೋಣ ಅಂತ ಎನ್‌ಎಲ್‌ಎಂಇ ಎಂಬ ಆರ್‌ನ ಇನ್ನೊಂದು ಪ್ಯಾಕೇಜಿಗೆ ಹೋದೆ. ಅಲ್ಲೂ 'ವೇಟ್ಸ್' ಅಂತಲೇ ಇದೆ. ಸುಮ್ನೆ ಟಿಲ್ಡೆ (~) ಹಾಕಿ ಕೊಂಬೆ ಕಾಲಂ ಬರೆದೆ. ತಕರಾರಿಲ್ಲದೆ ಓಡಿತು! ಆದರೆ ಅಲ್ಲಿ ಕೊಡಬೇಕಾದ್ದು ತೂಕ ಅಲ್ಲ, ವೇರಿಯನ್ಸ್ ಯಾವುದಕ್ಕೆ ತಕ್ಕಂತೆ ಏರುತ್ತದೆ ಅನ್ನುವುದು. ಹೆಚ್ಚು ಕೊಂಬೆಗೆ ಹೆಚ್ಚು ವೇರಿಯನ್ಸ್ ಅಂದ ಹಾಗಾಯಿತು, ಚೆನ್ನಾಗಿ ಎಣಿಸಿದ ಗಿಡವನ್ನೇ ನಾನು ಅನುಮಾನಿಸಿದ್ದೆ.

ಸಿಕ್ಕಿಬಿದ್ದದ್ದು ಚಿತ್ರದಲ್ಲಿ. ಪಿಯರ್ಸನ್ ರೆಸಿಡುಯಲ್‌ಗಳನ್ನು (ಉಳಿಕೆಯನ್ನು ಮಾಡೆಲ್ ಅಂದಾಜಿಸಿದ ಹರವಿನಿಂದ ಭಾಗಿಸಿದ್ದು) ಕೊಂಬೆ ಸಂಖ್ಯೆಯ ಎದುರು ಇಟ್ಟು ನೋಡಿದೆ. ಎರಡರ ಮೇಲೆ ಚುಕ್ಕಿಗಳು ಚೆಲ್ಲಾಪಿಲ್ಲಿ, ಎಂಟರ ಮೇಲೆ ಒತ್ತಾಗಿ. ತೂಕ ಸರಿಯಿದ್ದರೆ ಎರಡೂ ಕಡೆ ಹರವು ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದನ್ನು ಕೊಂಬೆ ಸಂಖ್ಯೆಯಿಂದ ಭಾಗಿಸಿ ಹೊಸ ಕಾಲಂ ಮಾಡಿ, ಅದನ್ನು ವಾರ್‌ಫಿಕ್ಸ್ಡ್ ಎಂಬ, ವೇರಿಯನ್ಸ್ ಹೇಳುವ ಫಂಕ್ಷನ್‌ಗೆ ಕೊಟ್ಟೆ. ಸರಿಹೋಯಿತು.

ಇಷ್ಟಾದರೂ ಒಂದು ಅಳುಕಿದೆ. ಆ ತಿಂಗಳು ಗಿಡಕ್ಕೇ ಏನೋ ಆಗಿದ್ದರೆ ಎಷ್ಟು ಕೊಂಬೆ ಎಣಿಸಿದರೂ ಆ ಏರುಪೇರು ಕಮ್ಮಿಯಾಗಲ್ಲ. ತೂಕಕ್ಕೆ ಅದು ಗೊತ್ತಿಲ್ಲ. ಕೊಂಬೆ ಕೊಂಬೆಯ ಎಣಿಕೆ ಕೈಯಲ್ಲಿದ್ದರೆ ಅದನ್ನೇ ಹಾಕಿ, ಗಿಡದ ಜೊತೆಗೆ ಗಿಡ-ತಿಂಗಳಿಗೂ ಒಂದು ರ‍್ಯಾಂಡಮ್ ಎಫೆಕ್ಟ್ ಕೊಡಿ. ಆಗ ಈ ತೂಕವೇ ಬೇಡ. ಈ ಮಳೆಗಾಲಕ್ಕೆ ರೈಟರ್‌ಗೆ ಎಂಟು ಕಾಲಂ ಗೆರೆ ಹಾಕಿದ ಪುಸ್ತಕ ಕೊಟ್ಟಿದ್ದೇನೆ, ಜೊತೆಗೆ ಜಿಗಣೆಗೆ ಹಚ್ಚಲು ಹೊಗೆಸೊಪ್ಪು.